ಕಂದಕದ ಗುಟ್ಟು

೭ ಡಿಸೆಂಬರ್ ೧೯೭೧

ಕೋರ್ಟಿನಿಂದ ಬಂದು ಬೆಳಕು ಹೊರಬೀಳದಂತೆ ಕಿಟಕಿಗೆ ಕರಿ ಕಾಗದ ಅಂಟಿಸಿ ಮುಗಿಸಿದೆ. ಬ್ಲ್ಯಾಕ್‌ಔಟ್. ಕರಾಚಿಯಿಂದ ಹೊರಟ ವಿಮಾನ ಬೈಲಹೊಂಗಲದ ಅರಳೆ ಪೇಟೆಯನ್ನು ಹುಡುಕುತ್ತಿದೆಯಂತೆ. ಹೇಳಿದವನು ದಿಗಂಬರ — ನನ್ನ ಹೆಂಡತಿ ಮಥುರಾಬಾಯಿಯ ತಮ್ಮ, ಆಕೆಯ ತವರಿನ ರತ್ನ. ಈಗ ಊರಿನ ದೀಪ ಆರಿಸುವ ವಾರ್ಡನ್. ತಲೆಗೆ ತಗಡಿನ ಟೊಪ್ಪಿಗೆ, ಬಾಯಲ್ಲಿ ಸೀಟಿ. ಮ್ಯಾಟ್ರಿಕ್ಕಿಗೆ ಮೂರು ಸಲ ಕೂತವನ ಕೈಯಲ್ಲಿ ದೇಶದ ಭದ್ರತೆ.

ನಮ್ಮ ಮನೆಯೆದುರು, ಪುರಸಭೆಯ ಮುಂದೆ, ಸಂತೆಯ ದಾರಿಯಲ್ಲೇ ಆಳುದ್ದ ಕಂದಕ ತೋಡಿಸಿದ್ದಾರೆ. ಬಾಂಬ್ ಬಿದ್ದರೆ ಅಡಗಲಿಕ್ಕೆ. ಸುತ್ತ ಒಂದು ಹಗ್ಗ ಕೂಡ ಇಲ್ಲ.

೯ ಡಿಸೆಂಬರ್

ಹಾಲಿನ ತಂಗೆವ್ವ ಕಂದಕಕ್ಕೆ ಬಿದ್ದಳು. ನಸುಕಿನಲ್ಲಿ ಕಂದೀಲು ಹಿಡಿದು ಬರುತ್ತಿದ್ದಳು. ದಿಗಂಬರ ಸೀಟಿ ಊದಿ, ಆರಿಸು ಎಂದು ಕೂಗಿದ. ಆರಿಸಿದಳು. ಮುಂದೆ ಕಾಲಿಟ್ಟಳು... ಅಂಗಳದಲ್ಲಿದ್ದೆ, ಎಲ್ಲ ಕೇಳಿತು. ತೊಡೆಯ ಎಲುಬು ಮುರಿದಿದೆ.

೨೯ ಡಿಸೆಂಬರ್

ಯುದ್ಧ ಮುಗಿದು ಎರಡು ವಾರ. ತಂಗೆವ್ವನ ಪರವಾಗಿ ಪುರಸಭೆಗೆ ಅರ್ಜಿ ಒಯ್ದೆ. ಕೇಳಿದ್ದು ಎರಡೇ: ತೆಗ್ಗು ಮುಚ್ಚಿರಿ, ತಪ್ಪು ನಮ್ಮದೆಂದು ಒಪ್ಪಿರಿ. ಚೀಫ್ ಆಫೀಸರ್ ಅರ್ಜಿ ಮುಟ್ಟಲಿಲ್ಲ. ಕಂದಕ ಎಲ್ಲಿದೆಯೆಂಬುದು ರಕ್ಷಣಾ ಗುಟ್ಟಂತೆ. ಕಾಗದದ ಮೇಲೆ ಬರೆಯುವುದೇ ಅಪರಾಧವಂತೆ. ಅವನ ಹಿಂದಿನ ಕಿಟಕಿಯಿಂದ ಅದರಲ್ಲಿ ಹಂದಿ ಹೊರಳುವುದು ಕಾಣುತ್ತಿತ್ತು.

ಡಿಫೆನ್ಸ್ ಆಫ್ ಇಂಡಿಯಾ ಕಾಯ್ದೆ ಎಂದು ಬೆರಳೆತ್ತಿದ. ನಲವತ್ತೆರಡರಲ್ಲಿ ಇದೇ ಹೆಸರು ಹೇಳಿ ನನ್ನನ್ನು ಜೈಲಿಗಟ್ಟಿದವನು ಒಬ್ಬ ಗೋರಾ ಸಾಹೇಬ. ಆದರೆ ಅವನು ಅರ್ಜಿಯನ್ನಾದರೂ ಓದುತ್ತಿದ್ದ.

೧೪ ಆಗಸ್ಟ್ ೧೯೭೩

ನಾಲ್ಕನೆಯ ಅರ್ಜಿ. ಹೊಸ ಚೀಫ್ ಆಫೀಸರ್, ಹಳೆಯ ಉತ್ತರ. ತೋಡಲು ಆದೇಶ ಮೇಲಿನಿಂದ ಬಂದಿತ್ತು, ಮುಚ್ಚಲೂ ಮೇಲಿನಿಂದಲೇ ಬರಬೇಕು. ಯುದ್ಧಕಾಲದ ತುರ್ತು ಪರಿಸ್ಥಿತಿಯನ್ನು ಸರಕಾರ ಇನ್ನೂ ಹಿಂತೆಗೆದುಕೊಂಡಿಲ್ಲವಲ್ಲ ಎಂದ. ನಿಜ. ಹದಿನೈದು ದಿನವೂ ನಡೆಯದ ಯುದ್ಧಕ್ಕೆ ವರ್ಷಗಟ್ಟಲೆ ಸೂತಕ.

ತಂಗೆವ್ವ ಕೋಲೂರಿ ನಡೆಯುತ್ತಾಳೆ. ಹಾಲು ಹಾಕಲು ಆಗದೆ ಎಮ್ಮೆ ಮಾರಿದಳು.

೨೦ ಜುಲೈ ೧೯೭೫

ಹಳೆಯ ತುರ್ತಿನ ಮೇಲೆ ಇನ್ನೊಂದು ತುರ್ತು ಬಂದು ತಿಂಗಳಾಗುತ್ತ ಬಂತು. ಕೊಳೆ ಅಂಗಿಯ ಮೇಲೆ ಕೋಟು. ಪೇಟೆಯವರಿಗೆ ಖುಷಿಯೋ ಖುಷಿ — ಯರಗಟ್ಟಿಯ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದಂತೆ. ಇವರ ಬಾಯಿ ಹೊಲಿದರೂ ದಾರ ಚಲೋದಿದೆ ಎಂದಾರು.

೧೧ ನವೆಂಬರ್

ತಂಗೆವ್ವನನ್ನು ಹಿಡಿದೊಯ್ದರು. ಇತ್ತೀಚೆಗೆ ಸಂತೆಯ ದಿನ ಕಂದಕದ ದಂಡೆಗೆ ಕೂತು, ಹೋಗಿಬರುವವರಿಗೆಲ್ಲ ಹೇಳುತ್ತಿದ್ದಳು: "ಇಲ್ಲಿ ತೆಗ್ಗು ಐತಿ, ನೋಡಿ ಕಾಲಿಡ್ರಿ. ಗೌರ್ಮೆಂಟಿಗೆ ಮಾತ್ರ ಹೇಳಬ್ಯಾಡ್ರಿ, ಅದಕ್ಕ ಗೊತ್ತಿಲ್ಲ." ಸಂತೆಯೇ ನಗುತ್ತಿತ್ತು. ಇವತ್ತು ಯಾವನೋ ಮಂತ್ರಿಯ ಕಾರು ಹಾಯುವಾಗಲೂ ಕೂಗಿದಳು.

ಠಾಣೆಗೆ ಹೋದೆ. ವದಂತಿ ಹಬ್ಬಿಸಿದ ಕೇಸು ಎಂದ ಫೌಜದಾರ.

"ವದಂತಿ ಅಂದ್ರ ಸುಳ್ಳು. ತೆಗ್ಗು ಇಲ್ಲಂತ ಬರೀರಿ ಹಂಗಾದ್ರ" ಎಂದೆ.

"ಇಲ್ಲಂತ ಹೆಂಗ ಬರಿಯೂಣ್ರಿ? ಮೊನ್ನಿ ನಮ್ಮ ಹವಾಲ್ದಾರ ಸೈಕಲ್ ಸಮೇತ ಅದರಾಗ ಬಿದ್ದಾನ."

"ಹಂಗಾದ್ರ ತೆಗ್ಗು ಅದ ಅಂತ ಬರೀರಿ."

"ಅದು ಗುಟ್ಟು, ವಕೀಲ್ರ."

ಮೂಲೆಯ ಬೆಂಚಿನಿಂದ ತಂಗೆವ್ವ ಕೇಳಿದಳು: "ನನ್ನ ಕಾಲೂ ಗುಟ್ಟೇನ್ರಿ ಸಾಹೇಬ್ರ? ಊರ ಮಂದಿಗೆಲ್ಲಾ ಕಾಣತೈತಿ. ಮುಚಗೊಂಡು ಅಡ್ಡಾಡ್ಲೇನು?"



೧೩ ನವೆಂಬರ್

ಕಂದಕ ಮುಚ್ಚಿದರು. ನಾಲ್ಕು ವರ್ಷ ಬಾರದ ಆದೇಶಕ್ಕೆ ಒಂದೇ ದಿನದಲ್ಲಿ ಕಾಲು ಬಂತು. ಗರಸು ಮಣ್ಣು ಸುರಿದು, ಮೇಲೆ ಬೇವಿನ ಸಸಿ ನೆಟ್ಟು, ಪ್ರಧಾನಿಯ ಇಪ್ಪತ್ತು ಅಂಶಗಳ ಕಾರ್ಯಕ್ರಮದ ಫಲಕ ಹುಗಿದಿದ್ದಾರೆ. ಈಗ ಕಂದಕ ಇಲ್ಲ, ಇರಲೇ ಇಲ್ಲ, ತಂಗೆವ್ವ ಸುಳ್ಳಿಯಂತೆ. ಆಕೆ ಹುಟ್ಟಾ ಕುಂಟಿಯೆಂದು ಪುರಸಭೆ ಸಾಕ್ಷಿಯನ್ನೂ ಹುಡುಕಿದೆ. ಸಾಕ್ಷಿ ದಿಗಂಬರ.

೨೪ ನವೆಂಬರ್, ಬೆಳಿಗ್ಗೆ

ಇವತ್ತು ಕೋರ್ಟು. ತಂಗೆವ್ವ ಇನ್ನೂ ಲಾಕಪ್ಪಿನಲ್ಲಿ. ಊರಿನ ಯಾವ ದೊಡ್ಡವನಿಗೂ ಕಂದಕದ ನೆನಪಿಲ್ಲ. ಅರಳೆಯ ಬಸಲಿಂಗಪ್ಪ ತನ್ನ ಅಂಗಡಿಯ ಕಸವನ್ನೆಲ್ಲ ನಿತ್ಯ ಅದರಲ್ಲೇ ಚೆಲ್ಲಿಸುತ್ತಿದ್ದ. ನಿನ್ನೆ ಕೇಳಿದರೆ ಮರೆವು ಜಾಸ್ತಿಯಾಗಿದೆ ಎಂದು ಎಲೆ ಅಡಿಕೆ ಮುಂದಿಟ್ಟ. ಆಕೆಯ ಕಡೆ ನಾನೊಬ್ಬನೇ. ಈ ಕೇಸಿನ ವಕೀಲಿ ಬಿಟ್ಟು ಸಾಕ್ಷಿಕಟ್ಟೆ ಏರುತ್ತಿದ್ದೇನೆ. ಕಂದಕ ಇತ್ತು ಎಂದರೆ ಗುಟ್ಟು ಬಯಲು ಮಾಡಿದವನೆಂದು ನನ್ನನ್ನೇ ಹಿಡಿಯಬಹುದು. ಇರಲಿಲ್ಲ ಎಂದರೆ ಆಕೆ ಜೈಲಿಗೆ.

ಮಥುರಾ ಚಹಾ ತಂದಿಟ್ಟಳು. "ತಮ್ಮನ ಹೆಸರು ತಗೀಲೇಬೇಕೇನ್ರಿ?"

ತೆಗೆಯುತ್ತೇನೆ ಎಂದೆ. ಮೊದಲು ಅವನದೇ. ಸೆರಗು ಬಾಯಿಗಿಟ್ಟು ಒಳಗೆ ಹೋದಳು.

ಹೊರಗೆ ಠಾಣೆಯ ಜೀಪು ನಿಂತಿತು. ಕೋರ್ಟು ಹನ್ನೊಂದಕ್ಕೆ, ಈಗಿನ್ನೂ ಎಂಟಾಗಿಲ್ಲ. ಬಾಗಿಲು ಬಡಿಯುತ್ತಿದ್ದಾರೆ. ಮಥುರಾ ತೆಗೆಯುವ ಮೊದಲು ಬರೆದಿಡುತ್ತೇನೆ. ಕಂದಕ ಇತ್ತು. ಪುರಸಭೆಯ ಮುಂದೆ, ಸಂತೆಯ ದಾರಿಗೆ ಅಡ್ಡ, ಆಳುದ್ದ. ತೋಡಿಸಿದವರು