ಅಮ್ಮನ ಬೆರಳು ಕಲಸಿಹೋಗದಂತೆ

ತಮ್ಮಾ,

ನಾನು ಕೆಲಸಕ್ಕೆ ಹೊರಟೆ. ಕಂಪ್ಯೂಟರ್‌ನಲ್ಲಿ ಎಳ್ಳಷ್ಟೂ ಜಾಗ ಉಳಿದಿಲ್ಲ, ವಿಡಿಯೊಗಳನ್ನೆಲ್ಲ ಇವತ್ತೇ ಕುಗ್ಗಿಸಿಬಿಡು. ನಿನ್ನ ಗೆಳೆಯರ ಪ್ರವಾಸದ್ದನ್ನು ಎಷ್ಟು ಬೇಕಾದರೂ ಹಿಂಡು, ನನ್ನ ತಕರಾರಿಲ್ಲ.

ಅಮ್ಮನವನ್ನು ಮಾತ್ರ ಜೋಪಾನವಾಗಿ ಮಾಡು. ಕಿವಿ ಕೇಳದ ಅಮ್ಮ ನಮ್ಮ ಜೊತೆ ಆಡಿದ್ದೆಲ್ಲ ಕೈಮಾತು. ಚಿತ್ರ ಮಸುಕಾದರೆ ಬೆರಳುಗಳು ಕಲಸಿಹೋಗಿ ಅವಳ ಮಾತೇ ಹೋಗುತ್ತದೆ. ಮೊದಲು ಒಂದನ್ನಷ್ಟೇ ಕುಗ್ಗಿಸಿ ಅಪ್ಪನಿಗೆ ತೋರಿಸು. "ಅಮ್ಮ ಏನಂತಿದ್ದಾಳೆ?" ಅಂತ ಕೇಳು. ತಡವರಿಸದೆ ಹೇಳಿದರೆ ಉಳಿದವಕ್ಕೆ ಕೈಹಾಕು. ತಡವರಿಸಿದರೆ ಗುಣಮಟ್ಟ ಏರಿಸಿ ಮತ್ತೆ ಮಾಡು. ಅಲ್ಲಿಯವರೆಗೆ ಮೂಲ ಪ್ರತಿ ಅಳಿಸಬೇಡ.

ಅಪ್ಪ ಅತ್ತರೆ ಸುಮ್ಮನೆ ಪಕ್ಕದಲ್ಲಿ ಕೂತಿರು. ಸಮಾಧಾನ ಹೇಳೋಕೆ ಹೋಗಬೇಡ.

ಇನ್ನೊಂದು ಮಾತು. "ಅಮ್ಮ ಹೇಗೂ ಮಾತಾಡ್ತಿರಲಿಲ್ಲವಲ್ಲಕ್ಕ, ಸದ್ದು ತೆಗೆದುಬಿಡೋಣ" ಅಂದೆಯಲ್ಲ ನಿನ್ನೆ? ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು, ನುಂಗಿಕೊಂಡೆ. ಸದ್ದು ತೆಗೆದರೆ ಉಳಿಯುವ ಜಾಗವೂ ಅಷ್ಟಕ್ಕಷ್ಟೆ. ನೀನು ಮೊದಲ ಸಲ ಸೈಕಲ್ ಹತ್ತಿ ಗೋಡೆಗೆ ಗುದ್ದಿದ ವಿಡಿಯೊ ಇದೆಯಲ್ಲ, ಅದನ್ನು ಹಾಕಿ ಕಣ್ಣು ಮುಚ್ಚಿ ಕೇಳು. ಅಮ್ಮ ಬಿದ್ದು ಬಿದ್ದು ನಗುತ್ತಾಳೆ. ಅವಳ ದನಿ ಅಂತ ನಮಗೆ ಉಳಿದಿರುವುದು ಅದೊಂದೇ.

ಅಕ್ಕ