ಅಜ್ಜಿ ಪಾಸ್ ಮಾಡಿದ ಸಸ್ಪೆನ್ಶನ್

ಧನಣ್ಣಾ, ಕಾರು ಹುಡುಕ್ಬೇಡ ಮಾರಾಯ. ಕೊಂಡುಹೋದದ್ದು ಕಳ್ಳ ಅಲ್ಲ, ಹೀರೋ. ಹೀರೋ ಅಂದ್ರೆ ನಿನ್ನ ತಮ್ಮ ವಿಜೇತ್.

ನೀನು ಸ್ಟೈಲಿಗೆ ಅಂತ ಕಾರು ನೆಲಕ್ಕೆ ತಾಗುವಷ್ಟು ತಗ್ಗಿಸಿದ್ದಿ. ಬೋವಿಕಾನದ ರಸ್ತೆ ಹಂಪಲ್ಲಿ ಕಾರು ಹಾರಿ ಅಜ್ಜಿಯ ತಲೆ ಮೇಲಿನ ಮಾಡಿಗೆ ಬಡೀತು. "ಹುಡುಗಿ ನೋಡ್ಲಿಕ್ಕೆ ಈ ಡಬ್ಬದಲ್ಲಿ ನಾನು ಬರುದಿಲ್ಲ" ಅಂದ್ರಲ್ಲ? ಅಜ್ಜಿ ಇಲ್ಲದೆ ಮೋಕ್ಷಿತಾ ಮನೆಗೆ ಯಾರೂ ಹೋಗುದಿಲ್ಲ. ಪಿಕ್ಚರ್ ಅಲ್ಲಿಗೇ ಫ್ಲಾಪ್!

ನೀನು ಕೊಚ್ಚಿಗೆ ಹೋದ ಎರಡು ದಿನದಲ್ಲಿ ಹೀರೋ ಅಜ್ಜಿಯನ್ನೇ ಗ್ಯಾರೇಜಿಗೆ ಕರ್ಕೊಂಡು ಹೋದ. ಎತ್ತರ ಏರಿಸಿ ಇಳಿಸುವ ಬೇರೆ ಬೇರೆ ಸಸ್ಪೆನ್ಶನ್ ಹಾಕಿದ ಎರಡು ಕಾರು ಅಲ್ಲಿತ್ತು. ಅಜ್ಜಿ ಮಡಿಲಲ್ಲಿ ಮಜ್ಜಿಗೆ ಚೆಂಬು ಇಟ್ಟು ಎರಡರಲ್ಲೂ ಹಂಪ್ ಹಾರಿದ್ರು. ಮೊದಲನೇದರಲ್ಲಿ ಮಜ್ಜಿಗೆ ಚೆಲ್ಲಿ ಸೀರೆ ಚಂಡಿ. ಎರಡನೇದರಲ್ಲಿ ಒಂದು ಹನಿ ಚೆಲ್ಲಲಿಲ್ಲ. "ಇದನ್ನೇ ಹಾಕ್ಸು" ಅಂದ್ರು. ಹಾಕ್ಸಿ, ಎರಡಿಂಚು ಎತ್ತರಿಸಿಯೂ ಆಯ್ತು.

ಈಗ ಅಜ್ಜಿ ಮುಂದಿನ ಸೀಟಲ್ಲಿ ಮಹಾರಾಣಿ. ಹಿಂದೆ ಅಪ್ಪ, ಅಮ್ಮ, ಚಿಕ್ಕಮ್ಮ. ಮದುಮಗನಿಗೆ ಜಾಗ ಇಲ್ಲ, ಬೈಕಲ್ಲಿ ಮೊಗ್ರಾಲಿಗೆ, ಮೋಕ್ಷಿತಾ ಮನೆಗೆ ಬಾ. ಕೀ ಟಿವಿ ಮೇಲುಂಟು, ನೀಲಿ ಅಂಗಿಗೆ ಇಸ್ತ್ರಿ ಹಾಕಿ ಆಗಿದೆ. ಚಂದ ಬಾಚಿಕೊಂಡು ಬಾ.

ಮದುವೆ ಗೊತ್ತಾದ ಮೇಲೆ ಕಾರು ಪುನಃ ತಗ್ಗಿಸುವ ಅಂತ ಎಣಿಸ್ಬೇಡ. ಎತ್ತರ ಇಳಿಸುವ ಸ್ಪ್ಯಾನರ್ ಅಜ್ಜಿಯ ಎಲೆಯಡಿಕೆ ಚೀಲದಲ್ಲುಂಟು. ಧೈರ್ಯ ಇದ್ರೆ ಹೋಗಿ ಕೇಳು!