ಹರಕುರಾಣಿಯ ಗುಂಡಿ

ಗುರುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅಮ್ಮನ ಆಶೀರ್ವಾದ. ಚೆನ್ನಾಗಿದ್ದೇನೆ, ಕಾಗದ ಬರುತ್ತೆ ಎಂದು ನಿನಗೊಂದು ಮೆಸೇಜು ಕಳಿಸಿ ಫೋನ್ ಆರಿಸಿಟ್ಟಿದ್ದೇನೆ. ಫೋನಿನಲ್ಲಿ ನೀನು ಅತ್ತರೆ ನಾನು ಕರಗಿಬಿಡುತ್ತೇನೆ, ಅದಕ್ಕೇ ಕಾಗದ. ಅಕ್ಷರ ಸೊಟ್ಟಗಿವೆ. ಸಿಟ್ಟಿನಲ್ಲಿ ಬರೆದದ್ದು ಎಂದುಕೊಂಡು ಓದು.

ಮೊದಲು ನಿನ್ನ ಗಿಡದ ಸಮಾಚಾರ. ಚೆನ್ನಾಗಿದೆ. ಹೋದ ವರ್ಷ ನನಗೊಮ್ಮೆ ತಲೆ ಸುತ್ತು ಬಂದ ಮೇಲೆ, ಒಬ್ಬಳೇ ಇರುತ್ತೀಯ, ಜೊತೆಗಿರಲಿ ಎಂದು ನೀನೇ ಹೊತ್ತು ತಂದ ಗಿಡ. ಒಂದೊಂದು ಎಲೆಯೂ ಮೊರದಗಲ, ಅಂಚೆಲ್ಲ ಕತ್ತರಿಗೆ ಸಿಕ್ಕ ಬಟ್ಟೆಯ ಹಾಗೆ ಸೀಳು ಸೀಳು. ಬಟ್ಟೆ ಹೊಲಿಯುವವಳ ಮನೆಗೆ ಹರಿದ ಗಿಡ ತಂದಿದ್ದೀಯಲ್ಲೇ ಎಂದು ನಕ್ಕು, ಹರಕುರಾಣಿ ಎಂದು ಹೆಸರಿಟ್ಟೆ. ಕಾಡಿನ ನೆರಳಲ್ಲಿ ಬೆಳೆಯುವಂಥದು, ನೇರ ಬಿಸಿಲು ಬೀಳಬಾರದು, ಮಣ್ಣಿಗೆ ಬೆರಳು ಇಳಿಸಿ ನೋಡಿ ಒಣಗಿದ್ದರೆ ಮಾತ್ರ ನೀರು, ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎಲ್ಲ ನೀನೇ ಹೇಳಿಕೊಟ್ಟೆ. ಹಬ್ಬಲು ನಾರು ಸುತ್ತಿದ ಕೋಲು, ಕೋಲಿನ ತುದಿಗೆ ಗಿಡಕ್ಕೆಂದೇ ಒಂದು ಪುಟ್ಟ ದೀಪ. ದೀಪದ ಸ್ವಿಚ್ಚು ಆರಿಸಬೇಡ, ಕುಂಡ ಅಲ್ಲಾಡಿಸಬೇಡ ಎಂದು ಹತ್ತು ಸಲ ಹೇಳಿದೆ.

ಗಿಡ ನಿನ್ನ ಮಾತು ಕೇಳಬೇಕಲ್ಲ! ಬೆಳಕು ಬರುವ ಕಿಟಕಿಯ ಕಡೆಗೇ ವಾಲಿ ವಾಲಿ ಇನ್ನೇನು ಮಗುಚಿಕೊಳ್ಳುವ ಹಾಗಾಯಿತು. ಕುಂಡವನ್ನು ಅರ್ಧ ಸುತ್ತು ತಿರುಗಿಸಿದೆ. ಅವತ್ತೇ ಸಂಜೆ ನಿನ್ನ ಫೋನು. ಅಮ್ಮಾ, ರಾಣಿ ಹೇಗಿದಾಳೆ, ಇಟ್ಟ ಹಾಗೇ ಇದಾಳೆ ತಾನೇ, ತಿರುಗಿಸಿಲ್ಲ ತಾನೇ ಅಂದೆ. ನನ್ನ ಮಗಳಿಗೆ ಗಿಡದ ಮೇಲೆ ಎಷ್ಟು ಜೀವ ಎಂದು ಹಿಗ್ಗಿ, ಮತ್ತೆ ಮೊದಲಿನ ಹಾಗೇ ಇಟ್ಟೆ. ಎಂಥ ಪೆದ್ದಿ ನಾನು!

ಅದರ ಜೊತೆ ಮಾತಾಡುವುದು ಅಭ್ಯಾಸವಾಗಿಬಿಟ್ಟಿತ್ತು. ಗಿರಾಕಿಗಳ ದೂರು, ಮೊಣಕಾಲಿನ ನೋವು, ಎಲ್ಲ ಅದರ ಮುಂದೆಯೇ. ನನ್ನ ಮನೆಗೆ ಬಂದುಬಿಡು ಎಂದು ನೀನು ಹಟ ಹಿಡಿದ ದಿನ ಅದರೆದುರು ಕೂತು ಅತ್ತೆ. ಅಲ್ಲಿ ನಾನು ಹೊರೆಯಾಗುತ್ತೇನೆ ಕಣೇ, ಅಳಿಯ ಬಾಯಿ ಬಿಟ್ಟು ಹೇಳುವವನಲ್ಲ ಎಂದೆ. ಇದನ್ನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಮೊನ್ನೆ ಫೋನಿನಲ್ಲಿ ನೀನು, ಹೊರೆ ಅಂತ ಯಾರಮ್ಮ ಅಂದ್ರು, ಇವರು ಬಾಯಿ ಬಿಟ್ಟು ಹೇಳಲ್ಲ ಅಷ್ಟೇ, ನೀನು ಬರೋದು ಇವರಿಗೂ ಇಷ್ಟ ಅಂದೆ. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಆ ಗಿಡವನ್ನೇ ನೋಡುತ್ತಾ ಕೂತಿದ್ದೆ.

ನಿನ್ನೆ ಹೊಲಿಗೆ ಇರಲಿಲ್ಲ. ಎಲೆ ಒರೆಸಲು ಕೂತೆ. ಕೋಲಿನ ನಾರಿನ ನಡುವೆ ಒಂದು ಕಪ್ಪು ಗುಂಡಿ. ಯಾವ ಗಿರಾಕಿಯ ಅಂಗಿಯದೋ ಸಿಕ್ಕಿಕೊಂಡಿದೆ ಎಂದುಕೊಂಡು ಕೀಳಲು ಹೋದರೆ ಹಿಂದೆ ವೈರು, ದೀಪದ ವೈರಿನ ಜೊತೆಗೇ ಸುತ್ತಿದ್ದು. ಸ್ವಿಚ್ಚು ಆರಿಸಿ, ಕತ್ತರಿಸಿ, ಕೆಳಗಿನ ಅಂಗಡಿಯ ರೇಡಿಯೋ ರಿಪೇರಿಯವರಿಗೆ ತೋರಿಸಿದೆ. ಇದು ಕ್ಯಾಮೆರಾ ಕಣಮ್ಮ, ಮಾತೂ ಕೇಳಿಸುತ್ತೆ, ಯಾರನ್ನ ಹಿಡಿಯೋಕೆ ಇಟ್ಟಿದ್ರಿ ಎಂದು ನಕ್ಕರು. ನಾನೂ ನಕ್ಕು, ಕಳ್ಳರ ಕಾಟ ಎಂದೆ. ನಿನ್ನ ಮಾನ ಉಳಿಸಲು ಸುಳ್ಳು ಹೇಳಿ ಮೆಟ್ಟಿಲು ಹತ್ತಿ ಬಂದೆ.

ನನ್ನ ಮಾತು ಕದ್ದು ಕೇಳಿದೆ, ನನ್ನ ಅಳು ನೋಡಿದೆ, ಹೋಗಲಿ. ಅಳತೆಗೆ ಬರುವ ಹೆಂಗಸರು ಬಟ್ಟೆ ಬದಲಿಸುತ್ತಿದ್ದದ್ದು ಆ ಗಿಡದ ಮುಂದೆಯೇ ಅಲ್ಲವೇನೇ? ಬಾಗಿಲು ಹಾಕಿ, ಪರದೆ ಎಳೆದು, ಇಲ್ಲಿ ಯಾರೂ ಇಲ್ಲಮ್ಮ, ಸಂಕೋಚ ಬೇಡ ಎಂದು ನಾನೇ ಹೇಳುತ್ತಿದ್ದೆ. ನನ್ನ ನಾಲಿಗೆಯಿಂದ ನೀನು ಸುಳ್ಳು ಹೇಳಿಸಿದೆ. ಈಗ ಅವರ ಮುಖ ಹೇಗೆ ನೋಡಲಿ? ಒಬ್ಬೊಬ್ಬರಿಗೂ ಹೇಳಲೇಬೇಕು. ಹೇಳಿದ ಮೇಲೆ ಎಷ್ಟು ಜನ ಈ ಮೆಟ್ಟಿಲು ಹತ್ತುತ್ತಾರೋ ಗೊತ್ತಿಲ್ಲ.

ನಿನಗೇನಾದರೂ ಆದರೆ ಎಂಬ ಹೆದರಿಕೆ ಅಮ್ಮಾ ಎನ್ನುತ್ತೀ. ಇರಬಹುದು. ಇದನ್ನ ಇಡ್ತೀನಿ ಅಂತ ಒಂದು ಮಾತು ಕೇಳಿದ್ದರೆ ನಾನೇ ಮೊಳೆ ಹೊಡೆಸಿ ನೇತುಹಾಕಿಸುತ್ತಿದ್ದೆ, ಗಿರಾಕಿ ಬಂದಾಗ ಟವೆಲು ಮುಚ್ಚುತ್ತಿದ್ದೆ. ನೀನು ಕೇಳಲಿಲ್ಲ. ಉಡುಗೊರೆ ಎಂದು ಕೊಟ್ಟು, ನನ್ನ ಕೈಯಲ್ಲೇ ಅದಕ್ಕೆ ನೀರು ಹಾಕಿಸಿದೆ. ಹೊಟ್ಟೆಯಲ್ಲಿ ಹುಟ್ಟಿದವಳೇ ಹೀಗೆ ಮಾಡಿದಳಲ್ಲ ಎಂದು ಎದೆ ಉರಿಯುತ್ತಿದೆ.

ಗಿಡವನ್ನು ಹಿಂದಕ್ಕೆ ಕಳಿಸುವುದಿಲ್ಲ. ಪಾಪ, ಅದರದೇನು ತಪ್ಪು? ಕುಂಡವನ್ನು ಕಾಲಿನಿಂದ ತಳ್ಳಿ ತಳ್ಳಿ ತಿರುಗಿಸಿದ್ದೇನೆ, ನಿಧಾನಕ್ಕೆ ನೆಟ್ಟಗಾದೀತು. ಮಾತು ಮಾತ್ರ ಆಡುತ್ತಿಲ್ಲ. ನಿನ್ನ ಮನೆಗೆ ನಾನು ಬರುವುದಿಲ್ಲ. ನಿನ್ನ ಹತ್ತಿರ ಇರುವ ನನ್ನ ಮನೆಯ ಕೀಲಿ ನನಗೆ ವಾಪಸ್ ಬೇಕು.

ಇತಿ,
ನಿನ್ನ ಅಮ್ಮ

ತಾ.ಕ.: ನಿನ್ನೆ ಹೊಲಿಗೆ ಯಾಕಿರಲಿಲ್ಲ ಎಂಬುದನ್ನು ಬರೆಯಬಾರದು ಅಂದುಕೊಂಡಿದ್ದೆ. ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ದೆ. ಬಲಗೈ ಮಣಿಕಟ್ಟು ಮುರಿದಿದೆ. ಆಸ್ಪತ್ರೆಗೆ ಕರೆದುಕೊಂಡು ಹೋದವರು ಆ ರಿಪೇರಿಯವರೇ. ಆಗ ನಿನ್ನ ಗುಂಡಿ ನಡುಮನೆಯಲ್ಲಿ ಕಣ್ಣು ಬಿಟ್ಟುಕೊಂಡು ಖಾಲಿ ಕುರ್ಚಿ ನೋಡುತ್ತಿತ್ತು. ಕೀಲಿ ಕೊಡಲು ನೀನೇ ಬರುವುದಾದರೆ ಬಾಗಿಲು ತಟ್ಟಿ ನಿಂತಿರು. ಎಡಗೈಯಲ್ಲಿ ಚಿಲಕ ತೆಗೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ.